ಬುದ್ಧನಿಗಿಂತ ಮೇಲೆ ಕೂರದ ಮನೆ

ಪುತ್ತೂರು

ಸಿಲೋನಿನಿಂದ ಮರಳಿ ಬಂದು ಕೆಲವು ತಿಂಗಳಾದವು. ಮನೆಗೆ ಬಂದವರು ಇನ್ನೂ ಅದನ್ನೇ ಕೇಳುತ್ತಾರೆ. ಆನೆ ನೋಡಿದಿರಾ? ಬುದ್ಧನ ಹಲ್ಲು ಇಟ್ಟಿರುವ ದೇವಸ್ಥಾನ ನೋಡಿದಿರಾ? ಸುಳ್ಯದ ಚಿಕ್ಕಮ್ಮನಂತೂ ರಾವಣನ ಅರಮನೆ ಯಾವ ದಿಕ್ಕಿಗೆ ಬರುತ್ತದೆಂದು ವಿಚಾರಿಸಿದರು. ನಾನು ಆನೆ ನೋಡಲಿಲ್ಲ, ಹಲ್ಲಿನ ದೇವಸ್ಥಾನಕ್ಕೂ ಹೋಗಲಿಲ್ಲ. ನೋಡಿದ್ದು ಒಂದು ಮನೆಯನ್ನು, ಆ ಮನೆಯ ಒಂದು ಕೋಣೆಯನ್ನು, ಆ ಕೋಣೆಗೆ ನುಗ್ಗಿದ ನೀರನ್ನು. ಹೇಳಹೊರಟರೆ ನಾಲ್ಕು ಮಾತು ಆಡುವಷ್ಟರಲ್ಲಿ ಆಯಾಸವಾಗುತ್ತದೆ. ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಬರೆದರೆ ಒಂದು ಸಲಕ್ಕೆ ಮುಗಿದೀತು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ಇಲ್ಲಿ ಶಾಲೆಯಲ್ಲಿ ಪಾಠ ಹೇಳುವವಳು. ಯಜಮಾನರು ತೀರಿಹೋದ ಮೇಲೆ ಅಣ್ಣ ಅತ್ತಿಗೆಯ ಜೊತೆ ಇದ್ದೇನೆ. ದೇವರ ಕೋಣೆ ಅವರದು. ನನ್ನನ್ನು ಅಲ್ಲಿಂದ ಯಾರೂ ದೂರ ಇಟ್ಟವರಲ್ಲ. ಆದರೆ ಹಬ್ಬದ ದಿನ ಆರತಿಯ ತಟ್ಟೆ ಎತ್ತುವ ಹೊತ್ತಿಗೆ ನಾನಾಗಿಯೇ ಅಡುಗೆಮನೆಗೆ ಸರಿಯುತ್ತಿದ್ದೆ. ಸರಿದೆನೆಂದು ಎಲ್ಲರಿಗೂ ಸ್ವಲ್ಪ ಹಗುರವಾಗುತ್ತಿತ್ತು, ಅದು ನನಗೆ ಗೊತ್ತಾಗುತ್ತಿತ್ತು. ಮುತ್ತೈದೆ ಯಾರು, ಯಾರು ಅಲ್ಲ ಎಂದು ಕೇಳದ ಒಂದು ಮೂಲೆ ನನಗೂ ಬೇಕು ಎನ್ನಿಸತೊಡಗಿತು. ದೇಶವಿಡೀ ಬುದ್ಧ ಜಯಂತಿ ಆಚರಿಸಿದ ವರ್ಷ ಶಾಲೆಯಲ್ಲಿ ಬುದ್ಧನ ಕಥೆ ಹೇಳಿದವಳು ನಾನೇ. ಹೇಳುತ್ತ ಹೇಳುತ್ತ ಆ ಮೂಲೆಯಲ್ಲಿ ಯಾರನ್ನು ಕೂರಿಸಬೇಕೆಂದು ತೀರ್ಮಾನವಾಯಿತು. ಆದರೆ ಮನೆಯಲ್ಲಿ ಬುದ್ಧನನ್ನು ಇಡುವುದು ಹೇಗೆ? ಎಷ್ಟು ಎತ್ತರಕ್ಕೆ? ಹೂ ಹೇಗೆ, ನೀರು ಹೇಗೆ? ಕಡಬದಿಂದ ಜಾಲ್ಸೂರಿನವರೆಗೆ ಹುಡುಕಿದರೂ ಹೇಳುವವರಿರಲಿಲ್ಲ.

ಮದರಾಸಿನಲ್ಲಿ ಉಪಾಧ್ಯಾಯರ ತರಬೇತಿಗೆಂದು ಬಿ.ಟಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಕುಸುಮಾ ಎಂಬ ಸಿಂಹಳದ ಹುಡುಗಿ. ಈಗ ಅವಳೂ ತನ್ನ ಊರಾದ ರತ್ನಪುರದಲ್ಲಿ ಉಪಾಧ್ಯಾಯಿನಿ. ಬೇಸಗೆ ರಜೆಯಲ್ಲಿ ಬಾ, ನಮ್ಮ ಆಚ್ಚಿಗೆ ಇದೆಲ್ಲ ಗೊತ್ತು ಎಂದು ಕರೆದಳು. ಆಚ್ಚಿ ಎಂದರೆ ಅಲ್ಲಿ ಅಜ್ಜಿ.

"ಬುದ್ಧನನ್ನು ಇಡ್ಲಿಕ್ಕೆ ಸಿಲೋನಿಗೆ ಹೋಗ್ಬೇಕಾ ಮಾರಾಯ್ತಿ?" ಎಂದ ಅಣ್ಣ. "ಒಂದು ಹಲಗೆ ಹೊಡೆದು ಪಟ ಇಟ್ರೆ ಆಯ್ತಲ್ಲ."

"ಹೇಗೆ ಅಂತ ಗೊತ್ತಿಲ್ಲದೆ ಇಟ್ರೆ ಅದು ಬರೀ ಪಟ ಅಣ್ಣ."

"ಹಾಗಾದ್ರೆ ನಾನೂ ಬರ್ತೇನೆ. ತಂಗಿಯನ್ನು ಒಬ್ಬಳನ್ನೇ ಸಮುದ್ರ ದಾಟಿಸಿದ ಅಂತ ಜನ ನನಗೆ ಉಗಿಲಿಕ್ಕುಂಟು."

"ಇವರಿಗೆ ಜನರ ಹೆದರಿಕೆ ಎಂತದೂ ಅಲ್ಲ ಪದ್ದೂ, ಸ್ಟೀಮರು ಹತ್ತುವ ಆಸೆ," ಎಂದರು ಅತ್ತಿಗೆ, ಅಕ್ಕಿ ಆರಿಸುತ್ತ.

ಧನುಷ್ಕೋಟಿ

ಸ್ಟೀಮರಿನ ಆಸೆ ಬೇಗ ತೀರಿತು. ಮಂಗಳೂರಿನಲ್ಲಿ ಹತ್ತಿದ ರೈಲು, ಮತ್ತೆ ಬದಲಿಸಿದ ರೈಲು, ಮಂಟಪಂ ಎಂಬ ಊರಿನಲ್ಲಿ ಸಿಲೋನಿಗೆ ಹೋಗುವವರ ಕಣ್ಣು ನಾಲಗೆ ನೋಡಿ ಕಳಿಸಿದ ಡಾಕ್ಟರು, ಎಲ್ಲ ದಾಟಿ ಬರುವಾಗ ನನಗೆ ನಿಂತಲ್ಲೇ ನಿದ್ದೆ. ಅಣ್ಣ ಮಾತ್ರ ಮಗುವಿನ ಹಾಗೆ ಕುಣಿಯುತ್ತಿದ್ದ. ಸುಂಕದವನು ಅಣ್ಣನ ಚೀಲಕ್ಕೆ ಕೈ ಹಾಕಿ ಅಡಿಕೆ ತೆಗೆದು, ಇದೇನು ಎಂದು ಕೇಳಿದ. ಅಡಿಕೆ ಗೊತ್ತಿಲ್ಲದ ಮನುಷ್ಯ ಇದ್ದಾನೆಂದು ನಂಬಲಾಗದೆ ಅಣ್ಣ ಅಲ್ಲೇ ಒಂದನ್ನು ಅಡಕತ್ತರಿಯಿಂದ ಕತ್ತರಿಸಿ ಅವನ ಕೈಗಿಟ್ಟ. ಸುಂಕದವನು ತುಳುನಾಡಿನ ಅಡಿಕೆ ಜಗಿಯುತ್ತ ನಮ್ಮನ್ನು ಬಿಟ್ಟ.

ಸ್ಟೀಮರು ದಡ ಬಿಟ್ಟು ಸ್ವಲ್ಪ ಹೊತ್ತಿಗೇ ಅಣ್ಣ ಬಕೆಟಿನ ಮುಂದೆ ಕುಕ್ಕರಿಸಿ ಕೂತ. ಕುಮಾರಧಾರೆಯ ದಡದಲ್ಲಿ ಹುಟ್ಟಿ ಬೆಳೆದವನು, ಕಡಬದ ಕಡೆ ಈಜಿನಲ್ಲಿ ಅವನನ್ನು ಮೀರಿಸಿದವರಿಲ್ಲ. ನೀರಿನ ವಿಷಯ ಬಂದರೆ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡುವವನೇ ಅಲ್ಲ.

"ಇದು ನೀರಲ್ಲ ಮಾರಾಯ್ತಿ," ಎಂದ ತಲೆಯೆತ್ತಿ. "ನೀರು ಅಂದ್ರೆ ಒಂದು ಕಡೆಗೆ ಹೋಗ್ಬೇಕು. ಇದು ಇದ್ದಲ್ಲೇ ಅಲ್ಲಾಡುದು."

ಆಗ ನಕ್ಕದ್ದು ನೆನಪಿದೆ. ಆಮೇಲೆ ಆ ಪ್ರವಾಸದಲ್ಲಿ ಹೆಚ್ಚು ನಕ್ಕ ನೆನಪಿಲ್ಲ.

ರತ್ನಪುರ

ಕುಸುಮಾಳ ಮನೆ ಕಾಳು ಗಂಗೆಯೆಂಬ ನದಿಯಿಂದ ಸ್ವಲ್ಪ ಮೇಲೆ, ಗದ್ದೆಗಳ ಅಂಚಿನಲ್ಲಿ ಇತ್ತು. ಮನೆಯಲ್ಲಿದ್ದವರು ಅವಳು ಮತ್ತು ಆಚ್ಚಿ ಇಬ್ಬರೇ. ವೈಶಾಖದ ಹುಣ್ಣಿಮೆ ಕಳೆದು ಕೆಲವು ದಿನವಾಗಿತ್ತು. ಬುದ್ಧ ಹುಟ್ಟಿದ ದಿನಕ್ಕೆಂದು ಜಗಲಿಯಲ್ಲಿ ಕಟ್ಟಿದ ಕಾಗದದ ಗೂಡುದೀಪಗಳು ಮಳೆಗೆ ಬಣ್ಣ ಬಿಟ್ಟು ಜೋತಾಡುತ್ತಿದ್ದವು.

ಆಚ್ಚಿಗೆ ಸಿಂಹಳ ಬಿಟ್ಟು ಬೇರೆ ಭಾಷೆ ಬಾರದು, ಅಣ್ಣನಿಗೆ ಸಿಂಹಳ ಬಾರದು. ಕುಸುಮಾ ಮತ್ತು ನಾನು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಷ್ಟರಲ್ಲಿ ಅವರಿಬ್ಬರೂ ವೀಳ್ಯದ ತಟ್ಟೆಯ ಮುಂದೆ ಕೂತಾಗಿತ್ತು. ಆಚ್ಚಿ ಹಸಿ ಅಡಿಕೆ ಹಾಕುವವರು. ಅಣ್ಣ ತನ್ನ ಚೀಲದಿಂದ ಒಣಗಿಸಿದ ಚಾಲಿ ಅಡಿಕೆ ತೆಗೆದು ಕತ್ತರಿಸಿ ಕೊಟ್ಟ. ಆಚ್ಚಿ ಜಗಿದು, ಮುಖ ಕಿವುಚಿ ಏನೋ ಅಂದರು.

"ಎಂತ ಹೇಳಿದ್ದು?" ಎಂದು ಅಣ್ಣ ನನ್ನನ್ನು ಕೇಳಿದ. ಕುಸುಮಾಳನ್ನು ಕೇಳಿ ಹೇಳಿದೆ: "ಕಲ್ಲಿನ ಹಾಗಿದೆಯಂತೆ. ನಿಮ್ಮ ಊರಿನವರಿಗೆ ಹಲ್ಲು ಹೆಚ್ಚು ಉಂಟಾ ಅಂತ ಕೇಳ್ತಿದ್ದಾರೆ."

"ಅವರದ್ದು ಅಡಿಕೆಯಾ ಅದು? ನೀರಲ್ಲಿ ಅದ್ದಿದ ಹತ್ತಿ. ಹಾಗೆ ಹೇಳ್ಬೇಡ ಮತ್ತೆ," ಎಂದ ಅಣ್ಣ. ಹೇಳಲಿಲ್ಲ. ಆಚ್ಚಿಗೆ ಗೊತ್ತಾಗಿ ನಕ್ಕರು.

ನಾನು ನೋಡಬಂದ ಕೋಣೆ ಜಗಲಿಯನ್ನು ದಾಟಿದ ಕೂಡಲೇ ಎಡಕ್ಕೆ. ಗೋಡೆಗೆ ತಲೆಗಿಂತ ಎತ್ತರದಲ್ಲಿ ಅಗಲವಾದ ಮರದ ಹಲಗೆ, ಅದರ ಮೇಲೆ ಗಾರೆಯಲ್ಲಿ ಮಾಡಿ ಬಣ್ಣ ಕೊಟ್ಟ ಬುದ್ಧ. ತುಂಬಿದ ಕೊಡದಷ್ಟು ಭಾರ, ಎರಡು ತೋಳಿನಲ್ಲಿ ಅಪ್ಪಿ ಹಿಡಿಯಬೇಕು. ಮೇಲೆ ಬಿಳಿ ಬಟ್ಟೆಯ ಮೇಲ್ಕಟ್ಟು. ಹಲಗೆಯ ಕೆಳಗೆ ಹೂ, ನೀರು ಇಡುವ ಮೇಜು, ಪಕ್ಕದಲ್ಲಿ ಹತ್ತಿ ನಿಲ್ಲಲು ಒಂದು ಬೆಂಚು. ಗಂಟೆಯಿಲ್ಲ, ಮಂಗಳಾರತಿಯಿಲ್ಲ, ಕುಂಕುಮವಿಲ್ಲ. ಬೆಳಿಗ್ಗೆ ಆಚ್ಚಿ ಬಿಳಿ ಸೀರೆಯುಟ್ಟು ಹೂವಿನ ತಟ್ಟೆ ತಂದು ನಮ್ಮೆಲ್ಲರ ಮುಂದೆ ಹಿಡಿಯುತ್ತಿದ್ದರು. ಒಬ್ಬೊಬ್ಬರೂ ತಟ್ಟೆಯನ್ನು ಮುಟ್ಟಬೇಕು. ಮುಟ್ಟಿದರೆ ಹೂ ಎಲ್ಲರೂ ಕೊಟ್ಟಂತೆ. ನನ್ನ ಮುಂದೆಯೂ ತಟ್ಟೆ ಬಂತು. ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಆಚ್ಚಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ಮುಟ್ಟಿದೆ. ಅಷ್ಟಕ್ಕೇ ಬಂದ ದಾರಿಯ ಖರ್ಚೆಲ್ಲ ಸಾರ್ಥಕವಾಯಿತೆನ್ನಿಸಿತು.

ಎರಡನೆಯ ದಿನ ಅಣ್ಣ ಎಡವಟ್ಟು ಮಾಡಿಕೊಂಡ. ಬುದ್ಧನಿಗೆ ಬೆಳಿಗ್ಗೆ ಅನ್ನ, ಪಲ್ಯ, ಹಣ್ಣು ಪುಟ್ಟ ಬಟ್ಟಲುಗಳಲ್ಲಿ ಇಡುತ್ತಾರೆ. ಮಧ್ಯಾಹ್ನದ ಮೊದಲು ತೆಗೆಯುತ್ತಾರೆ. ತೆಗೆದದ್ದನ್ನು ಕುಸುಮಾ ಹಿತ್ತಿಲಿಗೆ ಒಯ್ದು ಕಾಗೆಗಳಿಗೆ ಹಾಕಹೊರಟಳು. ಅಣ್ಣ ಜಗಲಿಯಿಂದ ಹಾರಿ ಬಂದ.

"ಅಯ್ಯಯ್ಯೋ, ಪ್ರಸಾದ ಕಾಗೆಗಾ! ಕೊಡಿ ಇಲ್ಲಿ!" ಎಂದವನೇ ಬಟ್ಟಲು ಕಸಿದು, ಕಣ್ಣಿಗೊತ್ತಿಕೊಂಡು, ಅನ್ನವನ್ನು ಬಾಯಿಗೆ ಹಾಕಿಕೊಂಡ. ಕುಸುಮಾ ಬಾಯಿ ತೆರೆದು ನಿಂತಳು. ಆಚ್ಚಿ ಬಾಗಿಲಿಗೆ ಬಂದು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬುದ್ಧನಿಗೆ ಕೊಟ್ಟದ್ದನ್ನು ಅಲ್ಲಿ ಮನುಷ್ಯರು ತಿನ್ನುವಂತಿಲ್ಲ.

"ಕೊಟ್ಟ ಮೇಲೆ ವಾಪಸು ತೆಗೆದುಕೊಳ್ಳುವುದು ಹೇಗೆ ಎನ್ನುತ್ತಾರೆ ಆಚ್ಚಿ," ಎಂದು ಕುಸುಮಾ ಹೇಳಿದಳು. ಅಣ್ಣನಿಗೆ ತಿಳಿಸಿದೆ.

"ನಮ್ಮಲ್ಲಿ ದೇವರು ತಿಂದು ಉಳಿಸ್ತಾನೆ ಅಂತ ಹೇಳು," ಎಂದ ಅಣ್ಣ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಇನ್ನೊಂದು ಕಟ್ಟುನಿಟ್ಟು ಆ ಮನೆಯಲ್ಲಿತ್ತು. ಬುದ್ಧನಿಗಿಂತ ಮೇಲೆ ಯಾರೂ ಕೂರಬಾರದು, ನಡೆಯಬಾರದು. ಮನೆಗೆ ಅಟ್ಟವಿತ್ತು, ಭತ್ತ, ತೆಂಗಿನಕಾಯಿ ಇಡುವಂಥದ್ದು. ಅಟ್ಟದ ಏಣಿ ಬುದ್ಧನ ಕೋಣೆಯ ಬಾಗಿಲ ಹೊರಗೇ ಇತ್ತು. ಆದರೆ ಆ ಕೋಣೆಯ ನೇರ ಮೇಲಿನ ಹಲಗೆಗಳ ಮೇಲೆ ಯಾರೂ ಕಾಲಿಡದೆ, ಅಟ್ಟದ ಅರ್ಧ ಭಾಗದಲ್ಲಿ ಧೂಳು ದಪ್ಪಗೆ ಕೂತಿತ್ತು. ಆಚ್ಚಿಯಂತೂ ಮದುವೆಯಾಗಿ ಬಂದಂದಿನಿಂದ ಏಣಿಯನ್ನೇ ಹತ್ತಿದವರಲ್ಲ. ಬುದ್ಧ ಇರುವ ಮನೆಯಲ್ಲಿ ತನ್ನ ಕಾಲು ಅವನ ತಲೆಗಿಂತ ಮೇಲೆ ಹೋಗಬಾರದು, ಅಷ್ಟೇ. ನಾನು ಇದನ್ನೂ ಕಲಿಯಬೇಕಾದ ಕ್ರಮಗಳಲ್ಲಿ ಒಂದೆಂದು ಮನಸ್ಸಿನಲ್ಲಿಟ್ಟುಕೊಂಡೆ.

ನೀರು ಬಂದ ದಿನ

ಮಳೆ ನಾವು ಹೋದಂದಿನಿಂದ ಹಿಡಿದಿತ್ತು. ನಮ್ಮ ಆಷಾಢ ಕಂಡವರಿಗೆ ಅದೇನೂ ದೊಡ್ಡದೆನಿಸಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಕೆಳಗಿನ ಗದ್ದೆಗಳು ಕಾಣುತ್ತಿರಲಿಲ್ಲ. ನೆರೆಯವರು ಚಾಪೆ, ಪಾತ್ರೆ, ಕೋಳಿ ಹೊತ್ತುಕೊಂಡು ಬೌದ್ಧ ವಿಹಾರವಿರುವ ಗುಡ್ಡದ ಕಡೆಗೆ ಹೋಗುತ್ತಿದ್ದರು. ನಮ್ಮನ್ನೂ ಕರೆದರು. ಅಷ್ಟರಲ್ಲಿ ಮಳೆ ನಿಂತಿತು. ಮೋಡ ಒಡೆದು ಸ್ವಲ್ಪ ಬಿಸಿಲೂ ಬಂತು.

"ಮಳೆ ನಿಂತಿತಲ್ಲ!" ಎಂದ ಅಣ್ಣ. "ಇನ್ನು ಎಂತ ಹೆದರಿಕೆ? ನಮ್ಮ ಕುಮಾರಧಾರೆ ನೋಡಿಲ್ವಾ ಪದ್ದೂ, ಮಳೆ ನಿಂತ್ರೆ ಉಂಡು ಏಳುದ್ರೊಳಗೆ ಇಳಿತದೆ. ಹೇಳು ಅವರಿಗೆ. ಆಚ್ಚಿಯ ಮೊಣಕಾಲು ನೋವಿಗೆ ಆ ಗುಡ್ಡ ಹತ್ತಿಸುದು ಬೇಡ."

ಹೇಳಿದೆ. ನಾನೂ ನಂಬಿದ್ದೆ. ನಮ್ಮ ನದಿಗಳು ಘಟ್ಟದಿಂದ ಧುಮುಕಿ ಬಂದು ಧುಮುಕಿಯೇ ಹೋಗುವಂಥವು. ಕುಮಾರಧಾರೆಯಾಗಲಿ, ಸುಳ್ಯದ ಪಯಸ್ವಿನಿಯಾಗಲಿ, ಏರಿದಷ್ಟೇ ಬೇಗ ಇಳಿಯುತ್ತವೆ. ಎಲ್ಲ ನದಿಗಳ ಸ್ವಭಾವವೂ ಹಾಗೆಯೇ ಎಂದು ನಾವು ತಿಳಿದುಕೊಂಡಿದ್ದೆವು. ಮಳೆ ನಿಂತ ಮೇಲೆಯೇ ಮೇಲಿನ ಬೆಟ್ಟಗಳ ನೀರು ನಿಧಾನವಾಗಿ ಬಂದು ಸೇರುವ, ಬಂದದ್ದು ದಿನಗಟ್ಟಲೆ ಹೋಗದೆ ನಿಲ್ಲುವ ನದಿಯೂ ಇರುತ್ತದೆಂದು ನನಗಾಗಲಿ ಅಣ್ಣನಿಗಾಗಲಿ ಗೊತ್ತಿರಲಿಲ್ಲ. ಕುಸುಮಾ ಅನುಮಾನದಿಂದಲೇ ಒಪ್ಪಿದಳು. ಅಣ್ಣನ ಮಾತಿನಲ್ಲಿ ಅಷ್ಟು ಧೈರ್ಯವಿತ್ತು.

ಅಣ್ಣ ಅಂಗಳದ ಅಂಚಿನಲ್ಲಿ ಒಂದು ಕೋಲು ನೆಟ್ಟ, ನೀರು ಇಳಿಯುವುದನ್ನು ನೋಡಲು. ನಾವು ಊಟ ಮಾಡಿ ಬಂದು ನೋಡಿದರೆ ಕೋಲು ಕಾಣಿಸಲಿಲ್ಲ.

"ಸಡಿಲ ನೆಟ್ಟಿದ್ದೆ, ಬಿದ್ದಿರ್ಬೇಕು," ಎಂದ. ಆದರೆ ದನಿ ಬದಲಾಗಿತ್ತು. ಗುಡ್ಡದ ದಾರಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಒಬ್ಬನೇ ಆದರೆ ಅಣ್ಣ ಈಜಿ ದಾಟುತ್ತಿದ್ದನೋ ಏನೋ. ನಮ್ಮ ಮೂವರನ್ನು ದಾಟಿಸುವುದು ಸಾಧ್ಯವಿರಲಿಲ್ಲ. ಉಳಿದದ್ದು ಅಟ್ಟ ಒಂದೇ.

ಮುಂದಿನ ಬಾಗಿಲು ಹಾಕಿ ಅಗಳಿ ಹಾಕಿದೆವು. ಕುಸುಮಾ ಅಕ್ಕಿ, ನೀರು, ಕಂಬಳಿ ತೆಗೆದುಕೊಂಡು ಮೇಲೆ ಹೋದಳು. ಮೊಣಕಾಲವರೆಗೆ ನೀರು. ಆಚ್ಚಿ ಬುದ್ಧನ ಕೋಣೆಯಲ್ಲಿ ಬೆಂಚಿನ ಮೇಲೆ ನಿಂತಿದ್ದರು. ಬನ್ನಿ ಎಂದರೆ ಬರಲೊಲ್ಲರು. ಹಟವಿರಲಿಲ್ಲ ಅವರ ಮುಖದಲ್ಲಿ, ಕೂಗಾಟವಿರಲಿಲ್ಲ. ಇನ್ನೊಂದು ತುತ್ತು ಬೇಡ ಎನ್ನುವ ಹಾಗೆ ತಲೆಯಾಡಿಸುತ್ತಿದ್ದರು, ಅಷ್ಟೇ. ಕುಸುಮಾ ಅಟ್ಟದ ಕಿಂಡಿಯಿಂದ ಕೂಗಿ ಹೇಳಿದಳು: "ಮೊದಲು ಅವರನ್ನು ಮೇಲೆ ಇಡಿ, ಆಮೇಲೆ ನಾನು ಬರುತ್ತೇನೆ ಎನ್ನುತ್ತಾರೆ."

ಅಣ್ಣನಿಗೆ ಹೇಳಿದೆ. "ಯಾರನ್ನು?" ಎಂದ.

"ಬುದ್ಧನನ್ನು."

"ಹ್ಞೂಂ, ಸರಿ. ಇಳಿಸು ಪದ್ದೂ, ಬೇಗ. ನಾನು ಏಣಿಯ ಹತ್ರ ನಿಲ್ತೇನೆ. ನೀನು ನನಗೆ ಕೊಡು, ನಾನು ಕುಸುಮಾಳಿಗೆ ದಾಟಿಸ್ತೇನೆ."

ನಾನು ಬೆಂಚು ಹತ್ತಿ ಆಚ್ಚಿಯ ಪಕ್ಕ ನಿಂತೆ. ಕೈ ಸಾಲಲಿಲ್ಲ. ಒಂದು ಕಾಲನ್ನು ಹೂವಿನ ಮೇಜಿನ ಮೇಲೆ ಇಡಬೇಕಾಯಿತು. ಕೆಸರು ಕಾಲು, ಬಿಳಿ ಬಟ್ಟೆ. ಆಚ್ಚಿ ನನ್ನ ಸೊಂಟ ಹಿಡಿದುಕೊಂಡರು. ಬುದ್ಧನನ್ನು ಅಪ್ಪಿ ಹಲಗೆಯಿಂದ ತೆಗೆದೆ. ತಣ್ಣಗಿತ್ತು, ಎಣಿಸಿದ್ದಕ್ಕಿಂತ ಭಾರವಿತ್ತು. ಮತ್ತೆ ಬೆಂಚಿಗೆ ಬಂದು, ನೀರಿಗಿಳಿದೆ. ಸೊಂಟದವರೆಗೆ ಬಂದಿತ್ತು. ಬಾಗಿಲ ಹೊರಗೆ ಅಣ್ಣ ಏಣಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ. ಅವನಿಗೂ ನನಗೂ ಮೂರು ನಾಲ್ಕು ಹೆಜ್ಜೆ.

ಆಗ ಮುಂದಿನ ಬಾಗಿಲು ಮುರಿಯಿತು.

ಸದ್ದು ನನಗೆ ನೆನಪಿಲ್ಲ. ಅಣ್ಣ ನಿಂತ ಜಾಗದಲ್ಲಿ ಇಲ್ಲದ್ದು ನೆನಪಿದೆ. ನೀರು ಮುಂಬಾಗಿಲಿನಿಂದ ನುಗ್ಗಿ ಹಿಂಬಾಗಿಲಿನ ಮೂಲಕ ನದಿಯ ಕಡೆಗೆ ದಾರಿ ಮಾಡಿಕೊಂಡಿತ್ತು. ಅದರ ಜೊತೆ ಹೋಗುತ್ತಿದ್ದ ಅಣ್ಣ ಹೇಗೋ ನಮ್ಮ ಕೋಣೆಯ ಬಾಗಿಲ ದಾರಂದವನ್ನು ಒಂದು ಕೈಯಲ್ಲಿ ಹಿಡಿದಿದ್ದ. ಅವನ ಮೈಯನ್ನೆಲ್ಲ ನೀರು ಅಡ್ಡವಾಗಿ ಎಳೆದುಕೊಂಡು ಹೋಗುತ್ತಿತ್ತು. ಮುಖ ಮಾತ್ರ ಮೇಲೆ.

"ಪದ್ದೂ, ಕೈ! ಕೈ ಕೊಡು!"

ನನ್ನ ಎರಡು ಕೈಯಲ್ಲೂ ಬುದ್ಧ.

ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ ತಿಳಿಯದು. ತರಗತಿಯಲ್ಲಿ ಬೋರ್ಡಿಗೆ ಬರೆಯುತ್ತಿರುವಾಗ, ಬಸ್ಸಿನಲ್ಲಿ, ಅನ್ನ ಕಲಸುವಾಗ. ಅಣ್ಣ ಕೈ ಎಂದ ಮೇಲೆ ನಾನು ವಿಗ್ರಹವನ್ನು ಇಡಲು ಒಂದು ಜಾಗ ಹುಡುಕಿದೆ. ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಮೇಜು ತೇಲಿ ಗೋಡೆಗೆ ಬಡಿಯುತ್ತಿತ್ತು. ಬೆಂಚಿನ ಮೇಲೆ ಆಚ್ಚಿ. ಹಲಗೆ ದೂರ. ಅಣ್ಣ ಕೊಚ್ಚಿಹೋಗುತ್ತಿರುವಾಗ ನಾನು ಕಣ್ಣಿನಲ್ಲೇ ಜಾಗ ಹುಡುಕುತ್ತಿದ್ದೆ. ಆಚ್ಚಿ ಒಂದು ಶಬ್ದ ಕೂಗಿದರು, "ಅತಾರಿನ್ನ!" ಎಂದು. ನಾನು ತೋಳು ಸಡಿಲಿಸಿದೆ. ಬುದ್ಧ ನನ್ನ ಕಾಲಿಗೆ ತಗಲಿ ಮುಳುಗಿದ. ಬಾಗಿಲಿಗೆ ಬಿದ್ದು ಅಣ್ಣನ ಮಣಿಕಟ್ಟು ಹಿಡಿದೆ. ಅವನ ಬೆರಳು ದಾರಂದದಿಂದ ಜಾರಿದ್ದು ಅದರ ಮರುಕ್ಷಣ.

ಎಳೆದೆನೋ, ಅವನೇ ಬಂದನೋ. ಆಚ್ಚಿ ಹಿಂದಿನಿಂದ ನನ್ನ ಸೀರೆಯನ್ನು ಎರಡು ಮುಷ್ಟಿಯಲ್ಲಿ ಹಿಡಿದಿದ್ದರು ಎಂದು ಆಮೇಲೆ ತಿಳಿಯಿತು. ಸೆರಗು ಹರಿದಿತ್ತು.

ಅಟ್ಟ

ಮನೆ ತುಂಬಿದ ಮೇಲೆ ನೀರಿನ ಸೆಳೆತ ತಗ್ಗಿತು. ಅಣ್ಣ ಏಣಿಯನ್ನು ಅಪ್ಪಿಕೊಂಡು ಕೆಮ್ಮುತ್ತಿದ್ದ. ಮೇಲಿನಿಂದ ಕುಸುಮಾ ಅಳುತ್ತ ಕರೆಯುತ್ತಿದ್ದಳು. ನಾನು ಆಚ್ಚಿಯ ಮುಖ ನೋಡಿದೆ. ಮೇಲೆ ಇಡಬೇಕಾದವನು ನೀರಿನ ತಳದಲ್ಲಿದ್ದ. ಇನ್ನು ಇವರು ಬರುವುದಿಲ್ಲ, ಇವರನ್ನು ಇಲ್ಲಿ ಕೊಂದವಳು ನಾನೇ ಎಂದುಕೊಂಡೆ.

ಆಚ್ಚಿ ಬೆಂಚಿನಿಂದ ನನ್ನ ಕಡೆಗೆ ಕೈ ಚಾಚಿದರು. ಸಂತೆಯಲ್ಲಿ ಬಸ್ಸು ಹತ್ತುವಾಗ ಚಾಚಿದ ಹಾಗೆ. ನಾನು ಹಿಡಿದೆ. ಒಂದೊಂದೇ ಮೆಟ್ಟಿಲಿನಲ್ಲಿ ನೋಯುವ ಕಾಲನ್ನು ಮೊದಲು ಇಟ್ಟು, ಇನ್ನೊಂದನ್ನು ಎಳೆದುಕೊಂಡು, ತನ್ನ ಜೀವಮಾನದಲ್ಲಿ ಹತ್ತದ ಏಣಿಯನ್ನು ಹತ್ತಿದರು.

ಅಟ್ಟದ ಬಳಸುವ ಅರ್ಧದಲ್ಲಿ ಭತ್ತದ ಮೂಟೆ, ತೆಂಗಿನಕಾಯಿ. ನಾಲ್ಕು ಜನ ಕೂರಲು ಜಾಗವಿರಲಿಲ್ಲ. ಅಣ್ಣ ಒಂದು ಕಾಲಿನಲ್ಲಿ ನಿಂತ ಹಾಗೆ ನಿಂತಿದ್ದ. ಆಚ್ಚಿ ಸುಮ್ಮನೆ ಆ ಧೂಳು ಹಿಡಿದ ಅರ್ಧಕ್ಕೆ ಹೋದರು. ಬುದ್ಧನ ಕೋಣೆಯ ನೇರ ಮೇಲೆ ಕೂತರು. ಧೂಳಿನಲ್ಲಿ ಅವರ ಒದ್ದೆ ಹೆಜ್ಜೆ ಮೂಡಿತು. ಪಕ್ಕದ ಹಲಗೆಯನ್ನು ಕೈಯಿಂದ ತಟ್ಟಿ ಅಣ್ಣನನ್ನು ಕರೆದರು. ಅಣ್ಣ ನನ್ನನ್ನು ನೋಡಿದ.

"ಹೋಗ್ಬಹುದಾ?" ಎಂದು ಪಿಸುಗುಟ್ಟಿದ. ಆಚ್ಚಿ ಮತ್ತೊಮ್ಮೆ ಹಲಗೆ ತಟ್ಟಿದರು. ಅಣ್ಣ ಹೋಗಿ ಕೂತ. ಕಂಬಳಿಯನ್ನು ಅವನಿಗೆ ಹೊದೆಸಿ, ಮಗುವಿನ ತಲೆ ಒರೆಸುವ ಹಾಗೆ ತನ್ನ ಸೆರಗಿನ ಒಣ ಭಾಗದಿಂದ ಅವನ ತಲೆ ಒರೆಸಿದರು.

"ನನ್ನಿಂದ ತಡ ಆಯ್ತು ಅಂತ ಹೇಳು ಪದ್ದೂ," ಎಂದ ಅಣ್ಣ. "ಬೆಳಿಗ್ಗೆಯೇ ಹೋಗ್ಬೇಕಿತ್ತು. ನನ್ನ ಕುಮಾರಧಾರೆಯ ಕೊಚ್ಚಿಕೊಳ್ಳುದು ಕೇಳಿ ಹೀಗಾಯ್ತು ಅಂತ ಹೇಳು."

ನಾನು ಹೇಳಿದ್ದನ್ನು ಕುಸುಮಾ ಸಿಂಹಳದಲ್ಲಿ ಹೇಳಿದಳು. ಆಚ್ಚಿ ಅವನ ತಲೆ ಒರೆಸುವುದನ್ನು ನಿಲ್ಲಿಸಲಿಲ್ಲ.

ಆ ರಾತ್ರಿಯ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ. ಬೆಳಗಾದ ಮೇಲೆ ಹೆಂಚು ತೆಗೆದು ನಮ್ಮನ್ನು ದೋಣಿಗೆ ಇಳಿಸಿಕೊಂಡರು.

ವಿಹಾರದ ಗುಡ್ಡ

ಗುಡ್ಡದ ಮೇಲಿನ ವಿಹಾರದಲ್ಲಿ ಊರೇ ಇತ್ತು. ಧರ್ಮೋಪದೇಶ ಮಾಡುವ ಚಾವಡಿಯಲ್ಲಿ ಮಕ್ಕಳು, ಆಡು, ಕೋಳಿ. ಭಿಕ್ಷುಗಳು ದೊಡ್ಡ ಹಂಡೆಯಲ್ಲಿ ಬೇಯಿಸಿದ ಗಂಜಿಯನ್ನು ತಾವೇ ಬಡಿಸುತ್ತಿದ್ದರು. ನಮ್ಮ ಕಡೆ ದೇವಸ್ಥಾನದಲ್ಲಿ ಊಟವೆಂದರೆ ಯಾರು ಎಲ್ಲಿ ಕೂರಬೇಕು ಎಂಬುದೇ ದೊಡ್ಡ ಮಾತು. ಅಲ್ಲಿ ಜಾಗ ಸಿಕ್ಕಲ್ಲಿ ಕೂತು ಉಂಡೆವು. ಯಾರೂ ನಾವು ಯಾರೆಂದು ಕೇಳಲಿಲ್ಲ. ಅಣ್ಣ ಮಾತ್ರ ಉಣ್ಣುತ್ತಿರಲಿಲ್ಲ. ನದಿಯ ಕಡೆಗೆ ಬೆನ್ನು ಹಾಕಿ ಕೂತಿರುತ್ತಿದ್ದ.

ಕುಸುಮಾಳನ್ನು ಕೇಳಿದೆ, ಅತಾರಿನ್ನ ಎಂದರೇನು ಎಂದು.

"ಬಿಟ್ಟುಬಿಡು," ಎಂದಳು.

ಆಮೇಲಿನಿಂದ ನನಗೆ ಇನ್ನೊಂದು ಕಾಟ ಶುರುವಾಯಿತು. ಅವರು ಕೂಗಿದ್ದು ನಾನು ಬಿಡುವ ಮೊದಲೋ, ಬಿಟ್ಟ ಮೇಲೋ? ಮೊದಲಾದರೆ ನಾನು ಅವರ ಮಾತು ನಡೆಸಿದಂತೆ, ಅರ್ಥ ತಿಳಿಯದಿದ್ದರೂ. ಆಮೇಲಾದರೆ, ಅವರು ಪೂಜಿಸಿದ ದೇವರನ್ನು ಅವರ ಕಣ್ಣೆದುರೇ ನೀರಿಗೆ ಹಾಕಿದಂತೆ, ಆಮೇಲೆ ಅವರು ನನ್ನ ಮೇಲಿನ ಕರುಣೆಯಿಂದ ಒಂದು ಮಾತು ಕೂಗಿದಂತೆ. ಎಷ್ಟು ತಿರುಗಿಸಿದರೂ ಎರಡೂ ಒಟ್ಟಿಗೇ ಆಗುತ್ತವೆ.

ನೀರು ಇಳಿಯಲು ದಿನಗಳೇ ಹಿಡಿದವು. ಮನೆಗೆ ಮರಳಿದಾಗ ಗೋಡೆಯಲ್ಲಿ ಬುದ್ಧನ ಹಲಗೆಗಿಂತ ಮೇಲೆ ಕೆಸರಿನ ಗೆರೆ. ವಿಗ್ರಹವನ್ನು ಅಣ್ಣನೇ ಹುಡುಕಿದ. ಆ ದಿನದವರೆಗೂ ನದಿಯ ಕಡೆ ತಿರುಗದೆ ಇದ್ದವನು ಮೊಣಕಾಲೂರಿ, ತೋಳು ಮುಳುಗುವವರೆಗೆ ಕೆಸರಿನಲ್ಲಿ ಕೈ ಆಡಿಸಿ, "ಸಿಕ್ಕಿತು," ಎಂದ. ಒಂದು ಕಿವಿ ಇರಲಿಲ್ಲ, ಮಂಡಿ ಒಡೆದಿತ್ತು. ಬಣ್ಣ ಹೋಗಿ ಬಿಳಿ ಗಾರೆ ಕಾಣುತ್ತಿತ್ತು. ಆಚ್ಚಿ ಅದನ್ನು ನೀರು ಹಾಕಿ ತೊಳೆದರು. ಮಗುವಿಗೆ ಸ್ನಾನ ಮಾಡಿಸುವವರ ಹಾಗೆ ಕಿವಿಯ ಹಿಂದೆಯೂ ತೊಳೆದರು, ಕಿವಿ ಇಲ್ಲದ ಕಡೆಯೂ.

ಭಿನ್ನವಾದ ವಿಗ್ರಹವನ್ನು ನಮ್ಮಲ್ಲಿ ನೀರಿಗೆ ಬಿಡುತ್ತೇವೆ. ಅಲ್ಲಿ ವಿಹಾರದ ಅರಳಿಮರದ ಬುಡಕ್ಕೆ ಒಯ್ದು ಇಡುತ್ತಾರೆ. ಒಯ್ಯುವವರು ಯಾರು ಎಂಬ ಮಾತು ಬಂದಾಗ ಆಚ್ಚಿ ನನ್ನನ್ನು ತೋರಿಸಿದರು. ನನ್ನ ತೋಳಿಗೆ ಅವರೇ ಇಟ್ಟರು. ಅದೇ ತಣ್ಣಗಿನ ಭಾರ. ಕೆಸರಿನ ದಾರಿಯುದ್ದಕ್ಕೂ ಅಣ್ಣ ನನ್ನ ಮೊಣಕೈಯನ್ನು ಬಿಡದೆ ಹಿಡಿದುಕೊಂಡು ಬಂದ. ಹಿಂದಿನಿಂದ ಕುಸುಮಾಳ ಹೆಗಲು ಹಿಡಿದು ಆಚ್ಚಿ.

ಮರದ ಸುತ್ತಲಿನ ಕಟ್ಟೆಯ ಮೇಲೆ ಬಹಳ ಬುದ್ಧರಿದ್ದರು. ಕೈ ಇಲ್ಲದವರು, ತಲೆ ಇಲ್ಲದವರು, ಬರೀ ಮಡಚಿದ ಕಾಲುಗಳು ಉಳಿದವರು. ಯಾರೋ ಅವರಿಗೂ ಹೂ ಇಟ್ಟಿದ್ದರು. ನಮ್ಮವನನ್ನು ಅವರ ನಡುವೆ ಇಟ್ಟು ಎದ್ದು ನಿಂತೆ. ಈಗ ಕೇಳದಿದ್ದರೆ ಮತ್ತೆ ಕೇಳಲಾರೆನೆಂದು ಕುಸುಮಾಳ ಮೂಲಕ ಆಚ್ಚಿಯನ್ನು ಕೇಳಿದೆ: ನೀವು ಕೂಗಿದ್ದು ನಾನು ಬಿಡುವ ಮೊದಲೋ, ಆಮೇಲೋ?

ಆಚ್ಚಿ ಯೋಚಿಸಿದರು. ನಿಜವಾಗಿಯೂ ನೆನಪಿಸಿಕೊಳ್ಳಲು ಯತ್ನಿಸಿದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಏನೋ ಹೇಳಿ ಬೀಳ್ಕೊಡುವವರ ಹಾಗೆ ಮರಕ್ಕೆ ಕೈ ಮುಗಿದರು.

"ಗೊತ್ತಿಲ್ಲವಂತೆ," ಎಂದಳು ಕುಸುಮಾ. "ನಾನು ನಿನ್ನ ಕೈಯನ್ನು ನೋಡುತ್ತಿರಲಿಲ್ಲ, ನಿನ್ನ ಅಣ್ಣನನ್ನು ನೋಡುತ್ತಿದ್ದೆ ಎನ್ನುತ್ತಾರೆ."

ಕೊಲಂಬೋ

ವಾಪಸು ಬರುವಾಗ ಕೊಲಂಬೋದಲ್ಲಿ ವಿಗ್ರಹದ ಅಂಗಡಿಗೆ ಹೋದೆವು. ಬುದ್ಧ ಬೇಡವೇ ಬೇಡ, ಸೀದಾ ಊರಿಗೆ ಹೋಗೋಣ ಎಂದಿದ್ದೆ. ಎಳೆದುಕೊಂಡು ಹೋದವನು ಅಣ್ಣ.

"ಇಷ್ಟೆಲ್ಲ ಆಗಿ ಬರಿಗೈಯಲ್ಲಿ ಹ್ಯಾಗೆ ಹೋಗುದು? ನಿನ್ನ ಅತ್ತಿಗೆ ಮೂಲೆ ಗುಡಿಸಿ ಕಾಯ್ತಿದ್ದಾಳೆ."

ಅಂಗಡಿಯವನು ದೊಡ್ಡ ದೊಡ್ಡದನ್ನೇ ಮುಂದಿಟ್ಟ. ಹಿತ್ತಾಳೆಯದು, ಮರದ್ದು, ಚಿನ್ನದ ಬಣ್ಣದ್ದು. ನಾನು ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟೆ. ಹಿತ್ತಾಳೆಯ ತೂಕ ನೋಡುತ್ತಿದ್ದೇನೆಂದು ಅಂಗಡಿಯವನು ಗಟ್ಟಿ ಎರಕ, ಪೊಳ್ಳಲ್ಲ ಎಂದು ಹೊಗಳತೊಡಗಿದ. ಕೊನೆಗೆ ಕಪಾಟಿನ ಮೂಲೆಯಿಂದ ಒಂದು ಸಣ್ಣದನ್ನು ನಾನೇ ತೆಗೆದೆ. ಬೆರಳು ಮಡಚಿದರೆ ಮುಷ್ಟಿಯೊಳಗೆ ಮುಕ್ಕಾಲು ಪಾಲು ಮುಚ್ಚಿಹೋಗುವಂಥದ್ದು.

"ಇಷ್ಟು ಸಣ್ಣದಾ!" ಎಂದ ಅಣ್ಣ. "ಇಷ್ಟು ದೂರ ಬಂದು! ಬಂದವರಿಗೆ ಕನ್ನಡಕ ಕೊಡ್ಬೇಕು ನೋಡ್ಲಿಕ್ಕೆ. ಆ ದೊಡ್ಡದು ತೆಕ್ಕೊ ಮಾರಾಯ್ತಿ, ಹೊರುದು ನಾನಲ್ವಾ?"

ನಾನು ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಬಲಗೈ ಸುಮ್ಮನೆ ಸ್ವಲ್ಪ ಮುಂದಕ್ಕೆ ಚಾಚಿತ್ತು, ನನಗೇ ಗೊತ್ತಿಲ್ಲದೆ. ಅಣ್ಣ ಆ ಕೈಯನ್ನು ನೋಡಿದ. ಅಂಗಡಿಯ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ.

ಮತ್ತೆ ಮನೆಯಲ್ಲಿ

ಮೂಲೆಯನ್ನು ಅತ್ತಿಗೆ ನಿಜವಾಗಿಯೂ ಗುಡಿಸಿ ಸಾರಿಸಿದ್ದರು. ಆಚಾರಿ ಬಂದು ಹಲಗೆ ಹೊಡೆದ. ತಲೆಗಿಂತ ಮೇಲೆ ಇರಬೇಕೆಂದು ಆಚ್ಚಿ ಕಲಿಸಿದ್ದರಿಂದ ಅಷ್ಟೇ ಎತ್ತರಕ್ಕೆ. ಬಿಳಿ ಬಟ್ಟೆ, ಒಂದು ಲೋಟ ನೀರು, ದೀಪ. ಹೂವಿನ ತಟ್ಟೆ ಹಿಡಿದು ಮೊದಲ ದಿನ ಅತ್ತಿಗೆಯ ಮುಂದೆ ನಿಂತೆ. ಮುಟ್ಟಬೇಕು ಎಂದೆ. ಅವರು ಕೈಯನ್ನು ಸೀರೆಗೆ ಒರೆಸಿಕೊಂಡು ಮುಟ್ಟಿದರು. ಒಂದು ಶುಕ್ರವಾರ ನಾನು ಶಾಲೆಯಿಂದ ಬಂದು ನೋಡಿದರೆ ಬುದ್ಧನ ಹಣೆಯಲ್ಲಿ ಕುಂಕುಮವಿತ್ತು.

"ಬೋಳು ಹಣೆ ನೋಡ್ಲಿಕ್ಕಾಗುದಿಲ್ಲ ಪದ್ದೂ," ಎಂದರು ಅತ್ತಿಗೆ. ಹೇಳಿದ ಮೇಲೆ ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡರು. ನಾನು ಒರೆಸಲಿಲ್ಲ. ಅದು ತಾನಾಗಿ ಉದುರಿತು.

ಕಣ್ಣು ಮುಚ್ಚಿ ಕೂರಲು ಇನ್ನೂ ಆಗುವುದಿಲ್ಲ. ಹೊರಗೆ ಮಳೆ ಜೋರಾದರೆ ಹಲಗೆಗೂ ನೆಲಕ್ಕೂ ನಡುವಿನ ಗೋಡೆಯನ್ನು ನೋಡುತ್ತ ಕೂರುತ್ತೇನೆ. ಅಣ್ಣ ಹೊಳೆಗೆ ಇಳಿಯುವುದನ್ನು ಬಿಟ್ಟಿದ್ದಾನೆ. ಕಡಬಕ್ಕೆ ಹೋದರೂ ದಡದ ಮೇಲೆ ಕೂತು ಬರುತ್ತಾನಂತೆ.

ಬೆಳಿಗ್ಗೆ ಹೂ ಇಡುವ ಮೊದಲು ಸ್ಟೂಲು ಹತ್ತಿ ಬುದ್ಧನನ್ನು ಎಡಗೈಯಲ್ಲಿ ಎತ್ತುತ್ತೇನೆ. ಬಲಗೈ ಖಾಲಿ ಬಿಟ್ಟು ಸ್ಟೂಲಿನಿಂದ ಇಳಿದು, ಬಾಗಿಲವರೆಗೆ ನಡೆದು, ಮತ್ತೆ ತಂದು ಇಡುತ್ತೇನೆ.

"ದಿನಾ ಯಾಕೆ ಅವನನ್ನು ಎತ್ತುದು?" ಎಂದು ಮೊನ್ನೆ ಅತ್ತಿಗೆ ಕೇಳಿದರು. "ಇದ್ದಲ್ಲಿ ಇರ್ಲಿ, ಪಾಪ."

"ಅಡಿಯಲ್ಲಿ ಧೂಳು ಉಂಟು ಅತ್ತಿಗೆ," ಎಂದೆ.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಅಣ್ಣ ಪೇಪರನ್ನು ಇಳಿಸಿದ. ಎದ್ದು ಬಂದು, ನಾನು ಸ್ಟೂಲು ಹತ್ತಿ ಬುದ್ಧನನ್ನು ಹಲಗೆಯ ಮೇಲೆ ಇಡುವವರೆಗೆ ಸ್ಟೂಲು ಹಿಡಿದುಕೊಂಡು ನಿಂತ.